ಡಿಜಿಟಲ್ ಮಾಧ್ಯಮಗಳ ಬೆಳವಣಿಗೆ ಮತ್ತು ನಮ್ಮ ಪೇಟೆಯ ವ್ಯವಹಾರ

ವ್ಯಾಪಾರಕ್ಕೆ ಬಂಡವಾಳ ಎಷ್ಟು ಮುಖ್ಯವೋ ಸುದ್ದಿಯೂ ಅಷ್ಟೇ ಮುಖ್ಯ. ಯಾವ ಪೇಟೆಯಲ್ಲಿ ಏನು ಧಾರಣೆ ಇದೆ, ಯಾವ ಸರಕಿಗೆ ಎಲ್ಲಿ ಬೇಡಿಕೆ ಇದೆ, ಯಾರ ಮಾತು ನಂಬಲರ್ಹ ಎಂಬುದು ತಿಳಿಯದೆ ನಡೆಸುವ ವ್ಯಾಪಾರವು ಕತ್ತಲೆಯಲ್ಲಿ ತಕ್ಕಡಿ ಹಿಡಿದಂತೆಯೇ ಸರಿ. ಆದುದರಿಂದ ಸುದ್ದಿಯನ್ನು ಸಾಗಿಸುವ ಮಾಧ್ಯಮ ಬದಲಾದಾಗಲೆಲ್ಲ ವ್ಯಾಪಾರದ ಸ್ವರೂಪವೂ ಬದಲಾಗುತ್ತ ಬಂದಿದೆ.

ಕಿತ್ತೂರಿನ ಸಮೀಪದ ದೇಗಾಂವದಲ್ಲಿರುವ ಕಮಲನಾರಾಯಣ ದೇವಾಲಯವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ನೀಡಿದ ದತ್ತಿಯ ವಿವರವನ್ನು ಅಲ್ಲಿ ಶಾಸನವಾಗಿ ಕಲ್ಲಿನ ಮೇಲೆ ಕೊರೆಸಲಾಗಿದೆ. ಅಂದು ಒಂದು ವಿಷಯವನ್ನು ಸಾರ್ವಜನಿಕರಿಗೆ ತಿಳಿಸಬೇಕಾದರೆ ಅರಸನ ಒಪ್ಪಿಗೆ, ಬರೆಯುವ ಪಂಡಿತ, ಕೊರೆಯುವ ಶಿಲ್ಪಿ ಇಷ್ಟೂ ಬೇಕಾಗುತ್ತಿದ್ದವು. ಹಾಗೆ ಬರೆದ ಮಾತಿಗೆ ಹೊಣೆಗಾರರು ಇರುತ್ತಿದ್ದರು. ಇಂದು ಅದೇ ಊರಿನ ಯಾವ ವ್ಯಕ್ತಿಯಾದರೂ ತನ್ನ ಕೈಯಲ್ಲಿರುವ ಸಂಚಾರಿ ದೂರವಾಣಿಯಿಂದ ಕ್ಷಣಮಾತ್ರದಲ್ಲಿ ಸಾವಿರಾರು ಜನರಿಗೆ ಸಂದೇಶ ಕಳುಹಿಸಬಲ್ಲ. ವೇಗ ಹೆಚ್ಚಿದೆ, ವೆಚ್ಚ ಇಳಿದಿದೆ. ಆದರೆ ಬರೆದ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯುತ್ತಿಲ್ಲ. ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಇದರಿಂದ ಆಗಿರುವ ಲಾಭ ಹಾನಿಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಸುದ್ದಿ ಬಂದ ದಾರಿ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಪೇಟೆಗಳಿಗೆ ಬಹುಕಾಲ ಧಾರಣೆಯ ಸುದ್ದಿ ಬರುತ್ತಿದ್ದುದು ಅಂಚೆ, ತಂತಿ ಹಾಗೂ ಪತ್ರಿಕೆಗಳ ಮೂಲಕ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಪೇಟೆ ಧಾರಣೆಯನ್ನು ರೇಡಿಯೋದಲ್ಲಿ ಕೇಳುವುದು ರೂಢಿಯಾಯಿತು. ಮುಂದೆ ಟ್ರಂಕ್ ಕರೆ, ಎಸ್‌ಟಿಡಿ ಬೂತ್, ಫ್ಯಾಕ್ಸ್ ಬಂದವು. ಹುಬ್ಬಳ್ಳಿಯ ಅಥವಾ ಮುಂಬಯಿಯ ಧಾರಣೆಯನ್ನು ಅರ್ಧ ದಿನ ಮೊದಲೇ ತಿಳಿದ ಅಡತಿಯವರಿಗೆ ಆ ಅರ್ಧ ದಿನವೇ ಲಾಭವಾಗುತ್ತಿತ್ತು.

1995ರಲ್ಲಿ ನಮ್ಮ ದೇಶದಲ್ಲಿ ಸಂಚಾರಿ ದೂರವಾಣಿಯೂ ಸಾರ್ವಜನಿಕ ಅಂತರ್ಜಾಲ ಸೇವೆಯೂ ಆರಂಭವಾದವು. 2000ನೆಯ ಇಸವಿಯ ಹೊತ್ತಿಗೆ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಿಂದ ರೈತರು ಪಹಣಿ ಪತ್ರಿಕೆಯನ್ನು ಗಣಕಯಂತ್ರದಿಂದ ಪಡೆಯುವಂತಾಯಿತು. 1998ರಲ್ಲಿ ಬಂದ ‘ಬರಹ’, ಅನಂತರದ ‘ನುಡಿ’ ತಂತ್ರಾಂಶಗಳಿಂದ ಕನ್ನಡವು ಗಣಕಯಂತ್ರದಲ್ಲಿ ನೆಲೆಯೂರಿತು. 2013ರ ಜುಲೈ ತಿಂಗಳಲ್ಲಿ ತಂತಿ ಸೇವೆ ನಿಂತುಹೋಯಿತು. 2016ನೆಯ ವರ್ಷವಂತೂ ನಿರ್ಣಾಯಕವಾದುದು. ಆ ಏಪ್ರಿಲ್‌ನಲ್ಲಿ ಯುಪಿಐ ಪಾವತಿ ವ್ಯವಸ್ಥೆ ಉದ್ಘಾಟನೆಗೊಂಡಿತು, ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆಯ ಆಗಮನದಿಂದ ಅಂತರ್ಜಾಲದ ದರ ಕುಸಿಯಿತು, ನವೆಂಬರ್ 8ರಂದು ದೊಡ್ಡ ಮುಖಬೆಲೆಯ ನೋಟುಗಳು ರದ್ದಾದವು. ಈ ಮೂರೂ ಸೇರಿ ಹಳ್ಳಿಯ ಕಿರಾಣಿ ಅಂಗಡಿಯನ್ನೂ ಡಿಜಿಟಲ್ ಜಾಲದೊಳಗೆ ತಂದವು.

ಧಾರಣೆಯ ಗುಟ್ಟು ಉಳಿದಿಲ್ಲ

ಕೃಷಿ ಮಾರುಕಟ್ಟೆಯಲ್ಲಿ ಆದ ಬದಲಾವಣೆ ಗಮನಾರ್ಹವಾದುದು. ಹಿಂದೆ ಪ್ರಾಂಗಣದಲ್ಲಿ ಚೀಟಿ ಬರೆದು ಟೆಂಡರ್ ಹಾಕುವ ಅಥವಾ ಕೂಗಿ ಸವಾಲು ನಡೆಸುವ ಪದ್ಧತಿ ಇತ್ತು. ರಾಜ್ಯ ಸರಕಾರವು 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರ ಸರಕಾರದ ಇ-ನಾಮ್ ವ್ಯವಸ್ಥೆ 2016ರ ಏಪ್ರಿಲ್ 14ರಂದು ಬಂದಿತು. ರಾಜ್ಯದ ವೇದಿಕೆಯಲ್ಲಿ ಖರೀದಿದಾರರು ದರವನ್ನು ಗಣಕಯಂತ್ರದಲ್ಲಿ ನಮೂದಿಸುತ್ತಾರೆ, ತನ್ನ ರಾಶಿಗೆ ಬಂದ ಅತಿ ಹೆಚ್ಚಿನ ದರದ ವಿವರ ರೈತನ ಸಂಚಾರಿ ದೂರವಾಣಿಗೆ ಸಂದೇಶವಾಗಿ ತಲುಪುತ್ತದೆ.

ಹತ್ತಿಯ ವ್ಯವಹಾರವನ್ನೇ ತೆಗೆದುಕೊಳ್ಳೋಣ. 356 ಕಿಲೋ ತೂಕದ ಒಂದು ಖಂಡಿ ಅರಳೆಗೆ ಏನು ದರ ನಡೆದಿದೆ ಎಂಬುದನ್ನು ಜಿನ್ನಿಂಗ್ ಗಿರಣಿಯ ಮಾಲೀಕನಂತೆಯೇ ಎರಡೆಕರೆಯ ರೈತನೂ ಮನೆಯಲ್ಲಿ ಕುಳಿತು ನೋಡುತ್ತಾನೆ. ಹೀಗಾಗಿ ಧಾರಣೆಯನ್ನು ಮೊದಲೇ ತಿಳಿದುದರಿಂದ ಬರುತ್ತಿದ್ದ ಲಾಭ ಬಹುಮಟ್ಟಿಗೆ ಕರಗಿದೆ. ಇದರಿಂದ ವ್ಯಾಪಾರಸ್ಥರು ಎದೆಗುಂದಬೇಕಾಗಿಲ್ಲ. ಸರಿಯಾದ ತೂಕ, ಸರಕಿನ ತೇವಾಂಶ ಹಾಗೂ ಎಳೆಯ ಪರೀಕ್ಷೆ, ಹೇಳಿದ ದಿನ ಪಾವತಿ, ದಾಸ್ತಾನಿನ ಅನುಕೂಲ ಇವುಗಳನ್ನು ಪರದೆಯ ಮೇಲಿನ ಅಂಕಿಗಳು ಒದಗಿಸಲಾರವು. ಮುಂದಿನ ಗಳಿಕೆ ಇರುವುದು ಈ ಸೇವೆಗಳಲ್ಲಿಯೇ.

ಚಿತ್ರದಲ್ಲಿ ಕಾಣದ ನೇಯ್ಗೆ

ಸಣ್ಣ ಉತ್ಪಾದಕರಿಗೆ ಡಿಜಿಟಲ್ ಮಾಧ್ಯಮವು ದಲ್ಲಾಳಿಯಿಲ್ಲದ ಮಾರುಕಟ್ಟೆಯನ್ನು ತೆರೆದಿದೆ. ಗೋಡೆ ಬರಹ, ಜಾತ್ರೆಯಲ್ಲಿ ಹಂಚುವ ಕರಪತ್ರ, ಚಿತ್ರಮಂದಿರದ ಸ್ಲೈಡು ಇವಿಷ್ಟೇ ಜಾಹೀರಾತಾಗಿದ್ದ ಕಾಲ ಹೋಯಿತು. ರಾಮದುರ್ಗ, ಸುರೇಬಾನ ಭಾಗದ ನೇಕಾರನು ತಾನು ನೇಯ್ದ ಸೀರೆಯ ಚಿತ್ರವನ್ನು ಇಂದು ಪುಣೆಯ ಗ್ರಾಹಕರಿಗೆ ನೇರವಾಗಿ ತೋರಿಸಬಲ್ಲ.

ಆದರೆ ಚಿಕ್ಕ ಪರದೆಯ ಮೇಲೆ ಕೈಮಗ್ಗದ ಸೀರೆಗೂ ವಿದ್ಯುತ್ ಮಗ್ಗದ ಸೀರೆಗೂ ವ್ಯತ್ಯಾಸ ಕಾಣುವುದಿಲ್ಲ. ಬಟ್ಟೆಯನ್ನು ಮುಟ್ಟಿ ನೋಡಲಾಗದ ಗ್ರಾಹಕನು ಬೆಲೆಯನ್ನು ಮಾತ್ರ ನೋಡುತ್ತಾನೆ. ಕೈಮಗ್ಗದ ವಿನ್ಯಾಸದ ಚಿತ್ರ ಹರಡಿದ ಬೆನ್ನಿಗೇ ಅದರ ನಕಲು ಅಗ್ಗದ ದರದಲ್ಲಿ ಬರುತ್ತದೆ. ಆದಕಾರಣ 2006ರಿಂದ ಜಾರಿಯಲ್ಲಿರುವ ಕೈಮಗ್ಗ ಮುದ್ರೆಯಂತಹ ಗುರುತುಗಳನ್ನು ಪಡೆದು, ಮಗ್ಗದ ಮೇಲೆ ನೇಯ್ಗೆ ನಡೆಯುತ್ತಿರುವ ದೃಶ್ಯವನ್ನೇ ತೋರಿಸಿ, ಮಾಲಿನ ಅಸಲಿತನವನ್ನು ಸಾಬೀತುಪಡಿಸುವುದು ಅಗತ್ಯ. ಇನ್ನೊಂದು ಅನುಕೂಲವನ್ನೂ ಇಲ್ಲಿ ನೆನೆಯಬೇಕು. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟುಳ್ಳ ಸಣ್ಣ ಮಾರಾಟಗಾರರೂ ಕೆಲವು ನಿಬಂಧನೆಗಳಿಗೊಳಪಟ್ಟು, ರಾಜ್ಯದೊಳಗೆ ಇ-ವಾಣಿಜ್ಯ ತಾಣಗಳ ಮೂಲಕ ಸರಕು ಮಾರಬಹುದಾಗಿದೆ.

ಗಾಳಿಸುದ್ದಿಯ ಬೆಲೆ

ಈ ಮಾಧ್ಯಮದ ಅತ್ಯಂತ ಅಪಾಯಕಾರಿ ಮುಖವೆಂದರೆ ಸುಳ್ಳು ಸುದ್ದಿ. ಅದರ ಬೆಲೆಯನ್ನು ಮೊದಲು ತೆರುವವನು ವ್ಯಾಪಾರಸ್ಥ ಹಾಗೂ ಉತ್ಪಾದಕ. ಕೋಳಿ ಮಾಂಸದಿಂದ ಕೊರೊನಾ ಹರಡುತ್ತದೆ ಎಂಬ ಆಧಾರರಹಿತ ಸಂದೇಶಗಳು 2020ರ ಆರಂಭದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಕೋಳಿಯ ಬೆಲೆ ನೆಲಕಚ್ಚಿತು. ಸಂಬಂಧವಿಲ್ಲವೆಂದು ಸರಕಾರ ಸ್ಪಷ್ಟಪಡಿಸಿದರೂ ಗ್ರಾಹಕರು ಹಿಂದಿರುಗಲಿಲ್ಲ. ಮೇವಿನ ಖರ್ಚೂ ಹುಟ್ಟದ ಸ್ಥಿತಿಯಲ್ಲಿ ನಮ್ಮದೇ ಜಿಲ್ಲೆಯ ಗೋಕಾಕ ತಾಲ್ಲೂಕಿನ ಸಾಕಣೆದಾರರೊಬ್ಬರು ಆ ಮಾರ್ಚ್ ತಿಂಗಳಲ್ಲಿ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಹೂತುಹಾಕಿದರು. ರೋಗ ಅವರ ಊರನ್ನು ತಲುಪುವ ಮೊದಲೇ ಸುದ್ದಿ ಅವರ ಉದ್ಯೋಗವನ್ನು ನುಂಗಿತ್ತು.

ಹತ್ತು ರೂಪಾಯಿ ನಾಣ್ಯದ ಪ್ರಸಂಗವೂ ಇಂಥದೇ. ರೂಪಾಯಿ ಚಿಹ್ನೆ ಇಲ್ಲದ ನಾಣ್ಯ ನಡೆಯುವುದಿಲ್ಲವೆಂಬ ವದಂತಿಯಿಂದ ರಾಜ್ಯದ ಅನೇಕ ಕಡೆ ಅಂಗಡಿಕಾರರೂ ಗ್ರಾಹಕರೂ ಅದನ್ನು ನಿರಾಕರಿಸತೊಡಗಿದರು. ಭಾರತೀಯ ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು, ತಾನು ಹೊರಡಿಸಿದ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೆಲ್ಲವೂ ಕಾನೂನುಬದ್ಧ ಚಲಾವಣೆಯವೆಂದು ಪ್ರಕಟಿಸಬೇಕಾಯಿತು. ಅಷ್ಟಾದರೂ ಸಂಶಯ ಬೇಗ ನಿವಾರಣೆಯಾಗಲಿಲ್ಲ. ಸರಕಾರದ ನಾಣ್ಯವನ್ನೇ ಅನಾಮಧೇಯ ಸಂದೇಶವೊಂದು ಅಲ್ಲಾಡಿಸಬಲ್ಲದಾದರೆ ಸಣ್ಣ ಬೇಕರಿಯ ಅಥವಾ ಎಣ್ಣೆ ಗಾಣದ ಹೆಸರು ಕೆಡಿಸುವುದು ಎಷ್ಟರ ಕೆಲಸ?

ಸುಳ್ಳು ಸುದ್ದಿ ಜೀವಹಾನಿಗೂ ಕಾರಣವಾಗಿದೆ. 2018ರ ಜುಲೈನಲ್ಲಿ ಬೀದರ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಗುಂಪುಗೂಡಿದ ಜನರ ಕೈಯಲ್ಲಿ ನಿರಪರಾಧಿ ಎಂಜಿನಿಯರರೊಬ್ಬರು ಹತರಾದರು. ಇಂಥ ಘಟನೆಗಳ ಬಳಿಕ ವಾಟ್ಸ್‌ಆ್ಯಪ್ ಸಂಸ್ಥೆಯು ಅದೇ ತಿಂಗಳಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ 5 ಕಡೆಗಷ್ಟೇ ಮುಂದೂಡುವ ಮಿತಿ ವಿಧಿಸಿತು. ತಂತ್ರಜ್ಞಾನದ ಇಂಥ ಮಿತಿಗಳು ಸಾಲವು, ಮುಂದೂಡುವ ಬೆರಳಿಗೂ ವಿವೇಕ ಬೇಕು.

ಪ್ರತಿಯೊಂದು ಸ್ಪರ್ಶವೂ ದಾಖಲೆ

ಡಿಜಿಟಲ್ ವ್ಯವಹಾರ ಮರೆಯುವುದಿಲ್ಲ. ಈ ಮಾತಿನ ಅರ್ಥ ನಮಗೆ ಚೆನ್ನಾಗಿ ಮನದಟ್ಟಾದದ್ದು 2025ರ ಜುಲೈನಲ್ಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ ಯುಪಿಐ ಮೂಲಕ ಜಮೆಯಾದ ಮೊತ್ತಗಳ ಆಧಾರದ ಮೇಲೆ ಸಣ್ಣ ವ್ಯಾಪಾರಸ್ಥರಿಗೆ ನೋಟಿಸು ನೀಡಿತು. ತರಕಾರಿ, ಹಾಲು ಮಾರುವವರೂ ಗಾಬರಿಗೊಂಡರು. ಅನೇಕ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಸ್ಥರ ಪ್ರತಿನಿಧಿಗಳೊಡನೆ ಸಭೆ ನಡೆಸಿ ಪರಿಹಾರದ ಭರವಸೆ ನೀಡಿದ ಮೇಲೆ ಉದ್ವೇಗ ತಗ್ಗಿತು.

ಈ ಪ್ರಕರಣದಿಂದ ಕಲಿಯಬೇಕಾದ ಪಾಠವು ನಗದಿಗೆ ಮರಳುವುದಲ್ಲ, ಲೆಕ್ಕ ಇಡುವುದು. ಸರಕು ಮಾರಾಟದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆಗಳಲ್ಲಿ 20 ಲಕ್ಷ ರೂಪಾಯಿ ವಹಿವಾಟು ಮೀರಿದರೆ ನೋಂದಣಿ ಬೇಕು. ಕೇವಲ ತೆರಿಗೆ ವಿನಾಯಿತಿಯ ಸರಕು ಮಾರುವವರಿಗೆ ಅದರ ಅಗತ್ಯವಿಲ್ಲ. ಆದರೆ ಅವರು ತೆರಿಗೆಯುಳ್ಳ ಸರಕನ್ನೂ ಜೊತೆಗೆ ಮಾರಿದರೆ ವಿನಾಯಿತಿಯ ಮಾರಾಟವೂ ಒಟ್ಟು ವಹಿವಾಟಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಬೀಗರು ಮರಳಿಸಿದ ಕೈಗಡ, ಚೀಟಿಯ ಹಣ, ಅಂಗಡಿಯ ಗಲ್ಲೆ ಇವೆಲ್ಲ ಒಂದೇ ಖಾತೆಯಲ್ಲಿ ಬಿದ್ದರೆ, ಯಾವುದು ಮಾರಾಟ ಯಾವುದು ಅಲ್ಲ ಎಂದು ತೋರಿಸುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ.

ದಾಖಲೆಗೆ ಇನ್ನೊಂದು ಮಗ್ಗುಲಿದೆ. ಇಂದು ಬೇಡಿಕೆ, ದರ, ಉದ್ರಿಯ ಗಡುವು ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿಯೇ ಮುಗಿಯುತ್ತವೆ. ವ್ಯಾಜ್ಯ ಹುಟ್ಟಿದಾಗ ಆ ಸಂದೇಶದ ಮುದ್ರಿತ ಪ್ರತಿಯನ್ನು ಹಿಡಿದು ನ್ಯಾಯಾಲಯಕ್ಕೆ ಹೋದರಷ್ಟೇ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಅದರ ಒಂದು ಭಾಗಕ್ಕೆ ದಾಖಲೆ ಹಾಜರುಪಡಿಸುವವರೂ ಇನ್ನೊಂದಕ್ಕೆ ತಜ್ಞರೂ ಸಹಿ ಮಾಡಬೇಕಾಗುತ್ತದೆ. ಆದುದರಿಂದ ಮೂಲ ಸಂದೇಶವನ್ನು ಅಳಿಸದೆ, ಆ ದೂರವಾಣಿಯನ್ನು ಜೋಪಾನವಾಗಿಡುವುದು ಕಿರ್ದಿ ಪುಸ್ತಕವನ್ನು ಜೋಪಾನ ಮಾಡಿದಷ್ಟೇ ಮುಖ್ಯ.

ಭಯವನ್ನೇ ಬಂಡವಾಳ ಮಾಡಿಕೊಂಡವರು

ಪೊಲೀಸ್ ಅಧಿಕಾರಿಯ ವೇಷದಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಬಂಧನ’ದ ಹೆಸರಿನಲ್ಲಿ ಹಣ ಸುಲಿಯುವ ವಂಚನೆ ಈಚಿನ ವರ್ಷಗಳಲ್ಲಿ ವ್ಯಾಪಕವಾಗಿದೆ. 2025ರ ಮಾರ್ಚ್‌ನಲ್ಲಿ ನೆರೆಯ ಖಾನಾಪುರ ತಾಲ್ಲೂಕಿನಲ್ಲಿ ಇಂಥ ಸುಲಿಗೆಗೆ ಸಿಲುಕಿದ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಬಂಧನವೆಂಬುದೇ ಇಲ್ಲ. ಯಾವ ಅಧಿಕಾರಿಯೂ ದೂರವಾಣಿಯ ಮೇಲೆ ಹಣ ಕೇಳುವುದಿಲ್ಲ. ಅಂಗಡಿಯ ಗಲ್ಲೆಯ ಮೇಲೆ ಕೂಡುವ ಹಿರಿಯರಿಗೂ ಮನೆಯಲ್ಲಿರುವ ವೃದ್ಧರಿಗೂ ಈ ಮಾತನ್ನು ಒಮ್ಮೆಯಲ್ಲ, ಹಲವು ಸಲ ಹೇಳಬೇಕು. ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರದೆ ಮನೆಯವರಿಗೆ ಹೇಳಿಕೊಳ್ಳುವಂತಹ ವಾತಾವರಣ ಇರಬೇಕು.

ವ್ಯಾಪಾರಸ್ಥರು ಪಾಲಿಸಬಹುದಾದ ಕ್ರಮಗಳು

1. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಕ್ಯೂಆರ್ ಸಂಕೇತ ಇರಲಿ. ದಿನದ ಜಮೆಯನ್ನು ಅಂದೇ ಕಿರ್ದಿಗೆ ಏರಿಸಿರಿ.

2. ಗ್ರಾಹಕರು ತೋರಿಸುವ ಪರದೆಯನ್ನು ನಂಬದೆ, ಹಣ ತಮ್ಮ ಖಾತೆಗೆ ಜಮೆಯಾದುದನ್ನು ಖಾತ್ರಿಪಡಿಸಿಕೊಂಡೇ ಮಾಲು ಕೊಡಿರಿ. ಹಣ ಪಡೆಯಲು ಗುಪ್ತ ಪಿನ್ ಸಂಖ್ಯೆ ಒತ್ತಬೇಕಾಗಿಲ್ಲ.

3. ವ್ಯಾಪಾರಸ್ಥರ ಗುಂಪಿನಲ್ಲಿ ಯಾವುದೇ ಸರಕಿನ ಅಥವಾ ಅಂಗಡಿಯ ಬಗ್ಗೆ ಬಂದ ದೂರನ್ನು ಪರಿಶೀಲಿಸದೆ ಮುಂದೂಡಬೇಡಿರಿ. ಮಾನಹಾನಿಯು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಅಪರಾಧವಾಗಿದೆ.

4. ನಿಮ್ಮ ಮಾಲಿನ ಬಗ್ಗೆ ವದಂತಿ ಎದ್ದರೆ ಮೌನವಾಗಿರದೆ, ಅದೇ ದಿನ ದಾಖಲೆ ಸಮೇತ ಸ್ಪಷ್ಟನೆ ನೀಡಿರಿ. ಮೂಲ ಸಂದೇಶವನ್ನು ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಿರಿ.

5. ಹಣ ವಂಚನೆಯಾದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿರಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

6. ಅಂಗಡಿಯ ಹೆಸರು, ವಿಳಾಸ, ಸರಕಿನ ವಿವರಗಳನ್ನು ಅಂತರ್ಜಾಲದಲ್ಲಿ ಕನ್ನಡದಲ್ಲಿಯೂ ನಮೂದಿಸಿರಿ. ನಮ್ಮ ಗ್ರಾಹಕರು ಹುಡುಕುವುದು ತಮ್ಮ ಭಾಷೆಯಲ್ಲಿಯೇ.

ಉಪಸಂಹಾರ

ಪೇಟೆಯ ವ್ಯವಹಾರ ನಿಂತಿರುವುದು ಮಾತಿನ ಮೇಲೆ. ಉದ್ರಿ ಕೊಡುವಾಗ ನಾವು ನೋಡುತ್ತಿದ್ದುದು ಮನುಷ್ಯನ ಮನೆತನವನ್ನು ಹಾಗೂ ಅವನ ನಡತೆಯನ್ನು. ಡಿಜಿಟಲ್ ಮಾಧ್ಯಮವು ನಮ್ಮನ್ನು ಪರಿಚಯವಿಲ್ಲದ ಗ್ರಾಹಕರ ಹತ್ತಿರಕ್ಕೆ ಒಯ್ದಿದೆ. ಅದರ ಜೊತೆಗೇ, ಎದುರಿನ ಅಂಗಡಿಯವರೊಡನೆ ಕುಳಿತು ಚಹಾ ಕುಡಿಯುತ್ತ ಒಂದು ಸುದ್ದಿಯ ನಿಜ ಸುಳ್ಳನ್ನು ಅಳೆಯುತ್ತಿದ್ದ ಪದ್ಧತಿಯನ್ನು ಕ್ಷೀಣಗೊಳಿಸಿದೆ. ಆ ಪದ್ಧತಿಯನ್ನು ನಾವು ಬಿಟ್ಟುಕೊಡಬಾರದು. ಸಂದೇಶ ಬಂದಾಗ ನಾಲ್ಕು ಜನ ತಿಳಿದವರನ್ನು ಕೇಳುವುದು ಇಂದಿಗೂ ಅತ್ಯಂತ ಅಗ್ಗದ ಹಾಗೂ ಖಚಿತವಾದ ಪರೀಕ್ಷೆ.

ದೇಗಾಂವದ ಕಲ್ಲಿನ ಬರಹ ಸುಮಾರು ಎಂಟೂವರೆ ಶತಮಾನಗಳ ಅನಂತರವೂ ಓದಲು ಸಿಗುತ್ತದೆ. ನಾವು ಇಂದು ಬೆರಳಿನಿಂದ ಬರೆಯುವುದು ಅಷ್ಟು ಕಾಲ ಉಳಿಯಲಿಕ್ಕಿಲ್ಲ. ಆದರೆ ಅದು ಮಾಡುವ ಒಳಿತು ಕೆಡುಕು ಮರುದಿನದ ಪೇಟೆಯಲ್ಲಿಯೇ ಕಾಣುತ್ತದೆ. ಕಲ್ಲಿನ ಮೇಲೆ ಬರೆಯುವವರಿಗೆ ಇದ್ದ ಎಚ್ಚರವನ್ನು ಪರದೆಯ ಮೇಲೆ ಬರೆಯುವಾಗಲೂ ಇಟ್ಟುಕೊಂಡರೆ ಈ ಹೊಸ ಮಾಧ್ಯಮವು ನಮ್ಮ ವ್ಯಾಪಾರ ಉದ್ದಿಮೆಗಳ ಏಳಿಗೆಗೆ ನೆರವಾಗುವುದರಲ್ಲಿ ಸಂದೇಹವಿಲ್ಲ.