ಬಿರಡೆಯಿಂದ ಶುರು

ಬೆಳಗಿನ ಜಾವ ಐದು ಗಂಟೆ. ಮಿಷಿಗನ್ ರಾಜ್ಯದ ಫ್ರಾಂಕ್‌ಫರ್ಟ್ ಎಂಬ ಪುಟ್ಟ ಊರು. ಬೆಟ್ಸಿ ಕೆರೆಯ ಕಾಂಕ್ರೀಟ್ ಇಳಿಜಾರಿನಲ್ಲಿ ನಾಲ್ಕೈದು ಗಾಡಿಗಳು ಹಿಂಬದಿಗೆ ದೋಣಿಯ ಟ್ರೇಲರ್ ಕಟ್ಟಿಕೊಂಡು ಸಾಲು ನಿಂತಿವೆ. ಆಗಸ್ಟ್ ತಿಂಗಳಾದರೂ ಗಾಳಿಯಲ್ಲಿ ಚಳಿಯಿದೆ. ನಮ್ಮ ಸರದಿ ಬಂದಾಗ ಭಾವ ಗಾಡಿಯಿಂದ ಇಳಿಯದೆಯೇ ಕೂಗಿ ಕೇಳಿದರು: "ಬಿರಡೆ ಹಾಕಿದ್ಯಾ ಮಾರಾಯ?"

ದೋಣಿಯ ಹಿಂಭಾಗದಲ್ಲಿ, ತಳಕ್ಕೆ ತಾಗಿಕೊಂಡು, ಒಂದು ರೂಪಾಯಿ ನಾಣ್ಯದಷ್ಟಗಲದ ತೂತು. ಒಳಗೆ ಸೇರಿದ ನೀರು ಬಸಿದು ಹೋಗಲು ಬಿಟ್ಟಿದ್ದು. ಅದನ್ನು ಮುಚ್ಚುವ ಬಿರಡೆ ಮರೆತರೆ ದೋಣಿ ಟ್ರೇಲರಿನಿಂದ ಇಳಿದು ತೇಲತೊಡಗಿದ ಹತ್ತೇ ನಿಮಿಷದಲ್ಲಿ ಕಾಲಡಿ ನೀರು. ಭಾವ ಬಿರಡೆಯನ್ನೂ ಎಂಜಿನ್ನಿನ ಕೀಲಿಯನ್ನೂ ಒಂದೇ ದಾರಕ್ಕೆ ಕಟ್ಟಿಟ್ಟಿದ್ದಾರೆ. ಬಿರಡೆ ತಿರುಪಿದ ಮೇಲೆಯೇ ಕೀಲಿ ಕೈಗೆ ಬರಬೇಕು ಎಂಬ ಲೆಕ್ಕ.

ಭಾವ ಗಂಗೊಳ್ಳಿಯವರು. ಅಕ್ಕನನ್ನು ಮದುವೆಯಾಗಿ ಇಲ್ಲಿಗೆ ಬಂದು, ಒಂದು ಗಂಟೆ ದಾರಿಯ ಟ್ರಾವರ್ಸ್ ಸಿಟಿಯಲ್ಲಿ ನೆಲೆಸಿ ಇಪ್ಪತ್ತು ವರ್ಷವಾಯಿತು. ನಮ್ಮ ಕರಾವಳಿಯಲ್ಲಿ 'ಟ್ರಾಲಿಂಗ್' ಅಂದರೆ ಬಲೆ ಎಳೆಯುವ ದೊಡ್ಡ ಬೋಟು. ಇಲ್ಲಿಯವರು ಮಾಡುವುದು ಟ್ರೋಲಿಂಗ್: ದೋಣಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟು, ಅದರ ಹಿಂದೆ ನಾಲ್ಕಾರು ಗಾಳಗಳನ್ನು ಬೇರೆ ಬೇರೆ ಆಳದಲ್ಲಿ ಎಳೆಯುವುದು. ಅಲ್ಲಿ ಬಲೆ, ಇಲ್ಲಿ ಗಾಳ. ಕನ್ನಡದ ಕಿವಿಗೆ ಎರಡೂ ಒಂದೇ ಪದದಂತೆ ಕೇಳುವುದರಿಂದ ಮೊದಲೇ ಹೇಳಿಬಿಟ್ಟೆ.

ದೋಣಿ ಹದಿನೆಂಟು ಅಡಿಯದು, ಅಲ್ಯೂಮಿನಿಯಂನದು, ತಳ ಆಳವಾದ ವಿ ಆಕಾರದ್ದು. ಕಡಲಿಗೆ ಹೋಗುವ ಬೋಟು ಕಂಡವರಿಗೆ ಇದು ಆಟಿಕೆ. ಮಿಷಿಗನ್ ಸರೋವರವಾದರೋ 494 ಕಿಲೋಮೀಟರ್ ಉದ್ದ, ತೀರಾ ಆಳದ ಜಾಗದಲ್ಲಿ 281 ಮೀಟರ್. ಉಪ್ಪೊಂದಿಲ್ಲ, ಮಿಕ್ಕೆಲ್ಲ ಕಡಲೇ. ಪಶ್ಚಿಮದ ಗಾಳಿ ಬೀಸಿದರೆ ಆಚೆ ದಡದಿಂದ ಇಲ್ಲಿಯವರೆಗೆ ಅದಕ್ಕೆ ತಡೆಯೇ ಇಲ್ಲ. ಅಲೆಗಳು ಕಡಲಿನವುಗಳಂತೆ ಉದ್ದಕ್ಕೆ ಉರುಳಿ ಬರುವುದಿಲ್ಲ. ಗಿಡ್ಡ, ಕಡಿದು, ಒಂದರ ಬೆನ್ನಿಗೆ ಒಂದು.

ಆ ಅಲೆಗಳ ಬೆಲೆ ಏನೆಂದು ಈ ದಡಕ್ಕೆ ಗೊತ್ತು. ಕತೆ ಶುರುವಾಗುವುದು ಮೀನಿನಿಂದ. ಸಮುದ್ರದ ಲ್ಯಾಂಪ್ರೆ ಎಂಬ ರಕ್ತ ಹೀರುವ ಜೀವಿ ಹಡಗಿನ ಕಾಲುವೆಗಳ ಮೂಲಕ ಬಂದು ಇಲ್ಲಿಯ ಲೇಕ್ ಟ್ರೌಟ್ ಮೀನುಗಳನ್ನು ಮುಗಿಸಿತ್ತು. ತಿನ್ನುವವರಿಲ್ಲದೆ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಬೆಳೆದು, ಸತ್ತು, ದಡದ ಉದ್ದಕ್ಕೂ ಕೊಳೆಯುತ್ತಿತ್ತು. ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಹೊವಾರ್ಡ್ ಟ್ಯಾನರ್ ಪೆಸಿಫಿಕ್ ಕರಾವಳಿಯ ಆರೆಗನ್‌ನಿಂದ ಕೋಹೊ ಸಾಲ್ಮನ್ ಮೊಟ್ಟೆ ತರಿಸಿದರು. 1966ರಲ್ಲಿ ಮರಿಗಳನ್ನು ಹತ್ತಿರದ ಪ್ಲ್ಯಾಟ್ ನದಿಗೆ ಬಿಟ್ಟರು. ಮರುವರ್ಷದ ಶರತ್ಕಾಲಕ್ಕೆ ಅವು ದಪ್ಪ ಮೀನಾಗಿ ತಿರುಗಿ ಬಂದಾಗ ಜನಕ್ಕೆ ಹುಚ್ಚು ಹಿಡಿಯಿತು. ಕೈಗೆ ಸಿಕ್ಕ ದೋಣಿ ನೀರಿಗೆ ಇಳಿಯಿತು. ಒಳನಾಡಿನ ಕೆರೆಗೆಂದು ಮಾಡಿದ ಚಿಕ್ಕ ದೋಣಿಗಳೇ ಹೆಚ್ಚು. 1967ರ ಸೆಪ್ಟೆಂಬರ್ 23ರಂದು ಗಾಳಿ ಎದ್ದಿತು. ಪ್ಲ್ಯಾಟ್ ಕೊಲ್ಲಿಯ ಸುತ್ತ ದೋಣಿಗಳು ಮಗುಚಿ ಏಳು ಮಂದಿ ಸತ್ತರು.

ಈ ಕತೆ ಕೇಳಿದ ಮೇಲೆ ಭಾವನ ದೋಣಿಯಲ್ಲಿರುವ ಒಂದೊಂದು ವಸ್ತುವೂ ನನಗೆ ಬೇರೆಯಾಗಿ ಕಾಣತೊಡಗಿತು.

ಮೊದಲು ಎಂಜಿನ್. ಹಿಂಭಾಗದಲ್ಲಿ ಎರಡಿವೆ: ಹೋಗಿಬರಲು ದೊಡ್ಡದು, ಗಾಳ ಎಳೆಯಲು ಹತ್ತು ಕುದುರೆಶಕ್ತಿಗೆ ಒಂದಿಷ್ಟು ಕಡಿಮೆಯ ಮರಿ ಎಂಜಿನ್. ಸಾಲ್ಮನ್‌ಗೆ ಬೇಕಾದ ವೇಗ ಗಂಟೆಗೆ ಮೂರೂವರೆ, ನಾಲ್ಕೂವರೆ ಕಿಲೋಮೀಟರ್ ಮಾತ್ರ. ದೊಡ್ಡದನ್ನು ದಿನವಿಡೀ ಅಷ್ಟು ನಿಧಾನಕ್ಕೆ ಓಡಿಸಿದರೆ ಎಣ್ಣೆ ದಂಡ, ವೇಗವೂ ಹಿಡಿತಕ್ಕೆ ಸಿಗದು. ಮರಿ ಎಂಜಿನ್ನಿನ ಇನ್ನೊಂದು ಕೆಲಸ ದೊಡ್ಡದು ಕೈಕೊಟ್ಟ ದಿನ ಮನೆ ಮುಟ್ಟಿಸುವುದು. ಆದರೆ ಒಮ್ಮೆ ಎರಡೂ ಒಟ್ಟಿಗೆ ನಿಂತವಂತೆ. ಎರಡಕ್ಕೂ ಒಂದೇ ಟ್ಯಾಂಕು, ಟ್ಯಾಂಕಿನ ಪೆಟ್ರೋಲಿನಲ್ಲಿ ನೀರು. ಇಲ್ಲಿಯ ಪೆಟ್ರೋಲಿಗೆ ಬೆರೆಸುವ ಎಥನಾಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚು ದಿನ ಇಟ್ಟರೆ ನೀರು ಬೇರ್ಪಟ್ಟು ತಳ ಸೇರುತ್ತದೆ. ಅಂದು ಮೂಡುಗಾಳಿ, ಅಂದರೆ ದಡದಿಂದ ದೂರಕ್ಕೆ ತಳ್ಳುವ ಗಾಳಿ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕೂಗಿದ್ದನ್ನು ಕೇಳಿ ಬೇರೊಂದು ದೋಣಿಯವರು ಬಂದು ಎಳೆದುಕೊಂಡು ಹೋದರು. ಈಗ ಮರಿ ಎಂಜಿನ್ನಿಗೆ ಬೇರೆಯೇ ಚಿಕ್ಕ ಟ್ಯಾಂಕು, ದೊಡ್ಡದರ ದಾರಿಯಲ್ಲಿ ನೀರು ಬೇರ್ಪಡಿಸುವ ಫಿಲ್ಟರ್.

ಬಂದರಿನ ಎರಡು ತಡೆಗೋಡೆಗಳ ನಡುವಿನಿಂದ ಹೊರಬಂದು, ದೀಪಸ್ತಂಭ ಹಿಂದೆ ಬಿದ್ದು, ಮೂವತ್ತು ಮೀಟರ್ ಆಳ ಸಿಕ್ಕ ಮೇಲೆ ಭಾವ ಮರಿ ಎಂಜಿನ್ ಶುರು ಮಾಡಿದರು. ಕೂಡಲೇ ಅದರ ಕೆಂಪು ಹುರಿಯನ್ನು ತಮ್ಮ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿಕೊಂಡರು. ಮನುಷ್ಯ ನೀರಿಗೆ ಬಿದ್ದರೆ ಹುರಿ ಕಿತ್ತು ಎಂಜಿನ್ ನಿಲ್ಲುತ್ತದೆ. 2021ರ ಏಪ್ರಿಲ್‌ನಿಂದ ಅಮೆರಿಕದಲ್ಲಿ ಇಂಥ ಚಿಕ್ಕ ದೋಣಿಗಳಿಗೆ ಇದು ಕಾನೂನು. ಆದರೆ ಕಾನೂನು ಕೇಳುವುದು ವೇಗವಾಗಿ ಹೋಗುವಾಗ ಮಾತ್ರ. ಭಾವನ ವಾದ ಬೇರೆ: "ನಿಧಾನ ಹೋಪ ದೋಣಿ ಅಂದ್ರೂ ಈಜಿ ಹಿಡಿಯುಕೆ ಆತ್ತಿಲ್ಲೆ." ಬಟ್ಟೆ, ಬೂಟು ತೊಟ್ಟು ತಣ್ಣೀರಿಗೆ ಬಿದ್ದವನಿಂದ ಗಂಟೆಗೆ ನಾಲ್ಕು ಕಿಲೋಮೀಟರ್ ದೋಣಿಯೂ ದೂರವಾಗುತ್ತಲೇ ಹೋಗುತ್ತದೆ. ಒಬ್ಬರೇ ಬಂದ ದಿನ ಅದನ್ನು ತಿರುಗಿಸುವವರು ಯಾರು? ನನಗೆ ಈ ಮಾತು ಕಾನೂನಿಗಿಂತ ಸರಿಯೆನಿಸಿತು.

ಇನ್ನು ಡೌನ್‌ರಿಗ್ಗರ್. ದೋಣಿಯ ಎರಡೂ ಅಂಚಿಗೆ ಕೂರಿಸಿದ ರಾಟೆ, ರಾಟೆಯಲ್ಲಿ ಉಕ್ಕಿನ ತಂತಿ, ತಂತಿಯ ತುದಿಗೆ ಹತ್ತು ಪೌಂಡಿನ ಸೀಸದ ಗುಂಡು. ಬೇಸಿಗೆಯಲ್ಲಿ ಸರೋವರದ ಮೇಲ್ಪದರ ಬೆಚ್ಚಗಾಗಿ ತೇಲುತ್ತದೆ, ತಣ್ಣನೆಯದು ಕೆಳಗೆ ಉಳಿಯುತ್ತದೆ. ಸಾಲ್ಮನ್‌ಗೆ ಹಿತವಾದದ್ದು ಹನ್ನೆರಡು ಡಿಗ್ರಿಯ ಆಸುಪಾಸು. ಅದು ಎಷ್ಟು ಆಳದಲ್ಲಿದೆಯೆಂಬುದು ದಿನದಿನದ ಗಾಳಿಯ ಮೇಲೆ. ಹಗುರ ಗಾಳ ಅಷ್ಟು ಕೆಳಗೆ ತಾನಾಗಿ ಇಳಿಯದು. ಅದಕ್ಕೇ ಗಾಳದ ದಾರವನ್ನು ಗುಂಡಿನ ಮೇಲಿರುವ ಚಿಮಟಕ್ಕೆ ಕಚ್ಚಿಸಿ ಇಳಿಬಿಡುತ್ತಾರೆ. ಮೀನು ಕಚ್ಚಿದೊಡನೆ ದಾರ ಚಿಮಟದಿಂದ ಬಿಡಿಸಿಕೊಳ್ಳುತ್ತದೆ, ಬಿಲ್ಲಿನಂತೆ ಬಾಗಿದ್ದ ಕೋಲು ಸೆಟೆದು ನಿಲ್ಲುತ್ತದೆ, ಆಮೇಲೆ ಕಾದಾಟ ಮೀನಿಗೂ ಮನುಷ್ಯನಿಗೂ ಮಾತ್ರ, ನಡುವೆ ಭಾರವಿಲ್ಲ. ಇಷ್ಟು ಸರಳವಾದ ಉಪಾಯವನ್ನು ಯೋಚಿಸಿದವರ ಕೈಗೆ ನಮಸ್ಕಾರ ಮಾಡಬೇಕು ಅನಿಸಿತು.

ಮಿಷಿಗನ್‌ನಲ್ಲಿ ಒಬ್ಬರಿಗೆ ಮೂರು ಕೋಲು. ಎರಡು ಗುಂಡಿನ ಮೇಲೆ, ಎರಡು ಓರೆಯಾಗಿ ಆಚೆಗೆ ಸರಿದು ಮುಳುಗುವ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ, ಇನ್ನೆರಡು ಒಳಗೆ ಸೀಸದ ಎಳೆಯಿರುವ ದಾರದ ಮೇಲೆ. ಆ ದಾರ ಹತ್ತು ಹತ್ತು ಗಜಕ್ಕೆ ಬಣ್ಣ ಬದಲಿಸುತ್ತದೆ, ಎಷ್ಟು ಬಣ್ಣ ಬಿಟ್ಟೆವೆಂದು ಎಣಿಸಿದರೆ ಆಳದ ಅಂದಾಜು. ತಿರುಗುವಾಗ ಮಾತ್ರ ದೊಡ್ಡ ಸುತ್ತು ಹಾಕಬೇಕು, ಇಲ್ಲವಾದರೆ ಆರೂ ಹೆಣೆದು ಜಡೆಯಾಗುತ್ತವೆ.

ಏಳೂವರೆಗೆ ಎಡಗಡೆಯ ಕೋಲು ಸೆಟೆಯಿತು. ಇಪ್ಪತ್ತು ನಿಮಿಷ ಓಡಿ, ಮುಳುಗಿ, ಕೊನೆಗೆ ಕೈಬಲೆಗೆ ಬಂದದ್ದು ಬೆಳ್ಳಿ ಮೈಯ, ಕಪ್ಪು ಒಸಡಿನ ಚಿನೂಕ್ ಸಾಲ್ಮನ್, ಸುಮಾರು ಆರು ಕಿಲೋ. ಮೊದಲಿನಷ್ಟು ಈಗ ಸಿಗುವುದಿಲ್ಲ. ಹಡಗುಗಳ ಹೊಟ್ಟೆಯ ನೀರಿನಲ್ಲಿ ಬಂದ ಕ್ವಾಗಾ ಎಂಬ ಚಿಪ್ಪುಜೀವಿಗಳು ನೀರಿನ ಸೂಕ್ಷ್ಮ ಜೀವಿಗಳನ್ನೆಲ್ಲ ಸೋಸಿ ತಿಂದು, ಏಲ್‌ವೈಫ್‌ಗೆ ಆಹಾರವಿಲ್ಲದಂತೆ ಮಾಡಿವೆ. ಏಲ್‌ವೈಫ್ ಇಲ್ಲದೆ ಸಾಲ್ಮನ್ ಇಲ್ಲ. 2013ರಲ್ಲಿ ಸರೋವರಕ್ಕೆ ಬಿಡುವ ಚಿನೂಕ್ ಮರಿಗಳನ್ನು ಸುಮಾರು ಅರ್ಧಕ್ಕೆ ಇಳಿಸಿದರು. ದಾರ ಸುತ್ತುವಾಗ ಹತ್ತಿಯಂತೆ ಅಂಟಿಕೊಂಡು ಬಂದದ್ದು ಮುಳ್ಳಿನ ನೀರುಚಿಗಟ, ಅದೂ ಹೊರಗಿನಿಂದ ಬಂದದ್ದೇ. ಹಾಗಾಗಿ ದಡಕ್ಕೆ ಬಂದೊಡನೆ ಬಿರಡೆ ತೆಗೆದು ನೀರೆಲ್ಲ ಬಸಿಯಬೇಕು. 2019ರಿಂದ ಇಲ್ಲಿ ಅದು ಕಾನೂನು. ಒಂದು ಕೆರೆಯ ನೀರು ಇನ್ನೊಂದಕ್ಕೆ ಹೋಗಬಾರದು.

ಮೀನಿಗಿಂತ ಹೆಚ್ಚು ಹೊತ್ತು ನಾನು ಕೂತು ನೋಡಿದ್ದು ಮಧ್ಯಾಹ್ನದ ಕೆಲಸ. ಮನೆಯಂಗಳದಲ್ಲಿ ಭಾವ ಪ್ರೊಪೆಲ್ಲರ್ ಬಿಚ್ಚಿದರು. ಅದರ ಹಿಂದಿನ ದಂಡಕ್ಕೆ ನೈಲಾನ್ ದಾರದ ತುಂಡೊಂದು ಸುತ್ತಿತ್ತು. ಗಾಳ ಎಳೆಯುವ ದೋಣಿಯ ದೊಡ್ಡ ರೋಗವೇ ಇದು. ದಾರ ತಿರುಗಿ ತಿರುಗಿ ಬಿಸಿಯಾಗಿ ಎಣ್ಣೆ ತಡೆಯುವ ಸೀಲನ್ನು ಕೊರೆಯುತ್ತದೆ, ನೀರು ಗೇರಿಗೆ ಇಳಿಯುತ್ತದೆ. ಕೆಳಗಿನ ತಿರುಪು ಸಡಿಲಿಸಿದರೆ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಬರುತ್ತದೆ. ನೋಡದೆ ಬಿಟ್ಟ ದೋಣಿಯಲ್ಲಿ ಚಳಿಗಾಲಕ್ಕೆ ಆ ನೀರು ಹೆಪ್ಪುಗಟ್ಟಿ ಗೇರಿನ ಗೂಡನ್ನೇ ಸೀಳುತ್ತದೆ. ನಮ್ಮಲ್ಲಿ ಜೂನ್, ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಬೋಟು ಮೇಲೆಳೆದು ರಿಪೇರಿ ಮಾಡುವಂತೆ ಇವರಿಗೆ ಹಿಮದ ತಿಂಗಳುಗಳು.

ಎಂಜಿನ್ನಿನ ಬದಿಗೆ ತಿರುಪಿದ ಲೋಹದ ತುಂಡೊಂದು ಅರ್ಧ ಸವೆದಿತ್ತು. ಸವೆಯಲೆಂದೇ ಇಟ್ಟದ್ದು, ಅದು ಕರಗಿ ಅಲ್ಯೂಮಿನಿಯಂ ಉಳಿಸುತ್ತದೆ. ಉಪ್ಪುನೀರಿಗೆ ಸತು ಸಾಕು, ಸಿಹಿನೀರಿನಲ್ಲಿ ಸತುವಿನ ಮೈಗೆ ಪೊರೆ ಕಟ್ಟಿ ಕೆಲಸ ನಿಲ್ಲುತ್ತದೆ, ಮೆಗ್ನೀಸಿಯಂ ಬೇಕು. ಗಂಗೊಳ್ಳಿಯಲ್ಲಿ ಕಲಿತ ಭಾವ ಮೊದಲ ವರ್ಷ ಸತುವನ್ನೇ ಹಾಕಿದ್ದರು.

ದೋಣಿ ಸೋರುವ ಜಾಗ ಹುಡುಕಲು ಅವರದೊಂದು ತಿರುಗುಮುರುಗಾದ ಕ್ರಮವಿದೆ. ಟ್ರೇಲರಿನ ಮೇಲಿರುವಾಗಲೇ ಒಳಗೆ ಒಂದಿಷ್ಟು ನೀರು ತುಂಬಿಸಿ, ಕೆಳಗೆ ಮಲಗಿ, ಹನಿ ಜಿನುಗುವ ರಿವೆಟ್ಟಿಗೆಲ್ಲ ಬಳಪದಿಂದ ಗುರುತು ಹಾಕುವುದು. ಈ ಸಲ ಎರಡೇ ಸಿಕ್ಕವು.

ಮರುದಿನ ಬರಿಗೈಯಲ್ಲಿ ಪ್ಲ್ಯಾಟ್ ಕೊಲ್ಲಿ ನೋಡಲು ಹೋಗೋಣವೆಂದೆ. ಭಾವ ಸಂಜೆ ಅಲ್ಲಿಂದಲೇ ದೋಣಿ ಇಳಿಸುವವರಿದ್ದರು, ಹಾಗಾಗಿ ಅದನ್ನೂ ಎಳೆದುಕೊಂಡೇ ಹೊರಟೆವು. ಮರಳಿನ ದಂಡೆಯಲ್ಲಿ ಮಕ್ಕಳು ಆಡುತ್ತಿದ್ದರು, ನೀರು ಗಾಜಿನಂತಿತ್ತು. ನಾನು ದಂಡೆಗೆ ನಡೆದೆ. ಹಿಂತಿರುಗಿ ನೋಡಿದರೆ ಭಾವ ಟ್ರೇಲರಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಗುಂಬಕ್ಕೆ ಅಂಗೈ ಒತ್ತಿದ್ದರು. ಓಡಿ ಬಿಸಿಯಾದ ಗುಂಬವನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಬೇರಿಂಗಿನ ಒಳಕ್ಕೆ ಹೀರಿಕೊಳ್ಳುತ್ತದೆ.

"ಇನ್ನೂ ಬಿಸಿ ಇತ್ತ್," ಎಂದರು. "ಅರ್ಧ ಗಂಟೆ ಕೂಕಂಬ."