ದಾದಿಯರ ಶಿಕ್ಷಣ: ಮಗಳನ್ನು ಎಲ್ಲಿಗೆ ಸೇರಿಸಬೇಕು?

ಹನ್ನೆರಡನೆಯ ತರಗತಿಯ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಬಳಿಗೆ ಸಲಹೆ ಕೇಳಿಕೊಂಡು ಬರುವ ಗೃಹಸ್ಥರ ಸಂಖ್ಯೆ ಹೆಚ್ಚು. ಈಚೆಗೆ ಬಂದವರೊಬ್ಬರು ಉಡುಪಿಯ ಕಡೆಯವರು. ಚೆನ್ನೈಯ ಹೋಟೆಲೊಂದರ ಅಡಿಗೆಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವವರು. ಮಗಳು ದಾದಿಯಾಗಬೇಕೆಂದು ಹಟ ಹಿಡಿದಿದ್ದಾಳೆ. ಅವರ ಕೈಯಲ್ಲಿ ಮೂರು ಕಾಗದಗಳಿದ್ದವು. ಒಂದು, ಲಕ್ಷಗಟ್ಟಲೆ ಶುಲ್ಕ ಕೇಳುವ ಖಾಸಗಿ ನರ್ಸಿಂಗ್ ಶಾಲೆಯ ಬಣ್ಣಬಣ್ಣದ ವಿವರಣ ಪತ್ರಿಕೆ. ಇನ್ನೊಂದು, ಒಂದೇ ವರ್ಷದಲ್ಲಿ ಶಿಕ್ಷಣ ಮುಗಿಸಿಕೊಡುವೆವೆಂಬ ಕಮ್ಯೂನಿಟಿ ಕಾಲೇಜಿನ ಕರಪತ್ರ. ಮೂರನೆಯದು ಅಮೆರಿಕದಲ್ಲಿರುವ ಸೋದರಳಿಯನ ಓಲೆ: ಲಾಭಕ್ಕಾಗಿ ನಡೆಸುವ ಶಾಲೆಗಳ ಬಲೆಗೆ ಬೀಳಬೇಡಿ, ಕಮ್ಯೂನಿಟಿ ಕಾಲೇಜಿಗೇ ಸೇರಿಸಿ ಎಂದು ಆತ ಬರೆದಿದ್ದ.

ಸೋದರಳಿಯ ಬರೆದುದು ತಪ್ಪೇನಲ್ಲ. ಆದರೆ ಅದು ಅವನಿರುವ ಊರಿಗೆ ಸಲ್ಲತಕ್ಕ ಮಾತು. ಅಮೆರಿಕದ ಕಮ್ಯೂನಿಟಿ ಕಾಲೇಜುಗಳು ಸಾರ್ವಜನಿಕ ಧನದಿಂದ ನಡೆಯುವಂಥವು. ಅಲ್ಲಿ ಎರಡು ವರ್ಷಗಳ ಪದವಿ ಪಡೆದವಳೂ ನಾಲ್ಕು ವರ್ಷ ಓದಿದವಳೂ ನೋಂದಣಿಗಾಗಿ ಒಂದೇ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಲಾಭದ ಶಾಲೆಗಳಾದರೋ ಅಲ್ಲಿ ಹಲವರನ್ನು ನಡುನೀರಿನಲ್ಲಿ ಕೈಬಿಟ್ಟದ್ದುಂಟು. ದೇಶಾದ್ಯಂತ ಶಾಖೆಗಳಿದ್ದ ಐ.ಟಿ.ಟಿ. ಎಂಬ ಸಂಸ್ಥೆ 2016ರಲ್ಲಿ ಏಕಾಏಕಿ ಬಾಗಿಲು ಮುಚ್ಚಿದಾಗ ಅದರ ನರ್ಸಿಂಗ್ ವಿದ್ಯಾರ್ಥಿಗಳೂ ಬೀದಿಗೆ ಬಿದ್ದರು. ಫ್ಲಾರಿಡಾದ ಮೂರು ಶಾಲೆಗಳು 7,600ಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳನ್ನು ಮಾರಿದ ಸಂಗತಿಯನ್ನು ಅಲ್ಲಿಯ ಸರಕಾರ 2023ರಲ್ಲಿ ಬಯಲಿಗೆಳೆಯಿತು.

ಚೆನ್ನೈಯಲ್ಲಿ ಅದೇ ಹೆಸರಿಗೆ ಬೇರೆಯೇ ಅರ್ಥವಿದೆ. ಇಲ್ಲಿ ಕಮ್ಯೂನಿಟಿ ಕಾಲೇಜುಗಳು 1996ರ ಸುಮಾರಿಗೆ ಆರಂಭವಾದುದು, ಶಾಲೆ ಬಿಟ್ಟ ಬಡ ಯುವಕ ಯುವತಿಯರಿಗೆ ಕೈಕಸುಬು ಕಲಿಸುವ ಸದುದ್ದೇಶದಿಂದ. ಇಂಥ ಕಡೆ ಒಂದು ವರ್ಷ ಕಲಿತವಳು ಆರೋಗ್ಯ ಸಹಾಯಕಿಯಾಗಬಹುದು, ವೃದ್ಧರ ಆರೈಕೆಗೆ ನಿಲ್ಲಬಹುದು. ಅದು ಗೌರವದ ಕೆಲಸವೇ. ಆದರೆ ಅವಳು ದಾದಿಯೆಂದು ನೋಂದಣಿ ಪಡೆಯಲಾರಳು. 1926ರ ಮದರಾಸು ಕಾನೂನಿನಿಂದ ಹುಟ್ಟಿದ ತಮಿಳುನಾಡು ದಾದಿಯರ ಮತ್ತು ಸೂಲಗಿತ್ತಿಯರ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಎರಡು ವರ್ಷಗಳ ಎ.ಎನ್.ಎಂ., ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ, ಇಲ್ಲವೆ ನಾಲ್ಕು ವರ್ಷಗಳ ಬಿ.ಎಸ್‌ಸಿ. ಪದವಿ ಬೇಕು. ಸೋದರಳಿಯನ ಮಾತನ್ನು ನಂಬಿ ಕರಪತ್ರದವರಿಗೆ ಹಣ ಕಟ್ಟಿದ್ದರೆ ಹುಡುಗಿ ಒಂದು ವರ್ಷ ಕಳೆದುಕೊಂಡು ಪುನಃ ಮೊದಲ ಮೆಟ್ಟಿಲಿಗೇ ಬರಬೇಕಾಗುತ್ತಿತ್ತು. ಆ ತಂದೆ ಇದನ್ನು ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ.

ಹಾಗಾದರೆ ಖಾಸಗಿ ಶಾಲೆಯೇ ಗತಿಯೋ? ಇಲ್ಲಿ ನಾವು ಒಂದನ್ನು ಒತ್ತಿ ಹೇಳುತ್ತೇವೆ. ದಾದಿಯ ವಿದ್ಯೆ ಪುಸ್ತಕದಿಂದ ಬರುವುದಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಬರುವುದು. ಸೆಂಟ್ರಲ್ ನಿಲ್ದಾಣದ ಎದುರಿಗಿರುವ ಜನರಲ್ ಆಸ್ಪತ್ರೆಯ ಮೂಲ 1664ರಲ್ಲಿ ಕೋಟೆಯೊಳಗೆ ಆರಂಭವಾದ ಆಸ್ಪತ್ರೆ. ಇಂಗ್ಲೆಂಡಿನ ದಾದಿಯರ ಮೇಲ್ವಿಚಾರಣೆಯಲ್ಲಿ ಅಲ್ಲಿ ತರಬೇತಿ ಪ್ರಾರಂಭವಾದುದು 1871ರಲ್ಲಿ. ಸೂಲಗಿತ್ತಿಯರಿಗೆ ಈ ನಗರದಲ್ಲಿ ಅದಕ್ಕೂ ಮುಂಚೆ, 1854ರಲ್ಲಿಯೇ, ಶಾಲೆಯಿತ್ತು. ಅಂದರೆ ಇಲ್ಲಿ ಮೊದಲು ಆಸ್ಪತ್ರೆ, ಅನಂತರ ಶಾಲೆ. ಲಾಭಕ್ಕಾಗಿ ಹುಟ್ಟಿದ ಎಷ್ಟೋ ಶಾಲೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಕಟ್ಟಡ, ಬಸ್ಸು, ಸಮವಸ್ತ್ರ. ರೋಗಿಗಳನ್ನು ಆಮೇಲೆ ಎಲ್ಲಿಂದಲಾದರೂ ಎರವಲು ತರುವುದು.

1947ರ ಕಾನೂನಿನ ಮೇರೆಗೆ ರಚಿತವಾದ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮಗಳು ಶಾಲೆಗೆ ಸ್ವಂತ ಆಸ್ಪತ್ರೆಯಿರಬೇಕೆಂದೂ, ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕೆಂದೂ ಹೇಳಿದುವು. ನಲವತ್ತು ಮಂದಿ ವಾರ್ಡಿಗೆ ಬಂದರೆ 120 ರೋಗಿಗಳು ಬೇಕು! ಪರಿಷತ್ತಿನ ಸ್ಥಾನದಲ್ಲಿ ಆಯೋಗವೊಂದನ್ನು ತರುವ ಕಾನೂನನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ; ಯಾರ ನಿಯಮವಾದರೂ ಲೆಕ್ಕ ಲೆಕ್ಕವೇ. ಹಿಂದೊಮ್ಮೆ ನಮ್ಮ ಮನೆಯವರು ಶಸ್ತ್ರಚಿಕಿತ್ಸೆಗೆಂದು ಮಲಗಿದ್ದಾಗ ಅವರನ್ನು ಮಗ್ಗುಲು ತಿರುಗಿಸಲು ಬಂದ ವಿದ್ಯಾರ್ಥಿನಿಯ ಕೈ ನಡುಗುತ್ತಿತ್ತು. ಮೂರನೆಯ ವರ್ಷದವಳು; ಗೊಂಬೆಯ ಮೇಲಲ್ಲದೆ ಮನುಷ್ಯರ ಮೇಲೆ ಇದನ್ನು ಮಾಡುತ್ತಿರುವುದು ಇದೇ ಮೊದಲೆಂದು ತಾನೇ ಹೇಳಿಕೊಂಡಳು. ಅವಳ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಅವಳ ತಂದೆಯಿಂದ ಮೂರು ವರ್ಷ ಶುಲ್ಕ ಪಡೆದವರ ಮೇಲೆ ಬಂದಿತು.

ಖಾಸಗಿ ಎಂದ ಮಾತ್ರಕ್ಕೆ ಎಲ್ಲವನ್ನೂ ಹಳಿಯುವುದು ಸಲ್ಲ. ದೇಶದಲ್ಲಿ ಶುಶ್ರೂಷೆಯ ಪದವಿ ಶಿಕ್ಷಣವನ್ನು ದೆಹಲಿಯೊಡನೆ 1946ರಲ್ಲಿ ಮೊದಲು ಆರಂಭಿಸಿದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯ ಕಾಲೇಜೂ ಸರಕಾರದ್ದಲ್ಲ. ಆದರೆ ಅದರ ಬೆನ್ನಿಗೆ ದೊಡ್ಡ ಆಸ್ಪತ್ರೆಯಿದೆ, ಲಾಭ ಅದರ ಗುರಿಯಲ್ಲ.

ಸಾಲದ ಲೆಕ್ಕವನ್ನೂ ಮಾಡಿ ನೋಡಿದೆವು. ನಾಲ್ಕು ಲಕ್ಷ ರೂಪಾಯಿಯನ್ನು ಶೇಕಡ 10ರ ಬಡ್ಡಿಗೆ ತಂದು ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,600 ರೂಪಾಯಿ ಬೇಕು. ಸಂಬಳವೆಷ್ಟು? ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ರಚಿತವಾದ ಸಮಿತಿ, 50 ಹಾಸಿಗೆಗಳಿಗಿಂತ ಚಿಕ್ಕದಾದ ಖಾಸಗಿ ಆಸ್ಪತ್ರೆಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಮೆ ಕೊಡಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಆಸ್ಪತ್ರೆಗಳು ಹಲವು. ಸರಕಾರದ ಮನೆಯಲ್ಲಿಯೂ ಹಾಲು ಜೇನು ಹರಿಯುತ್ತಿಲ್ಲ. 2015ರಲ್ಲಿ ಪರೀಕ್ಷೆ ನಡೆಸಿ ಕರಾರಿನ ಮೇಲೆ ತೆಗೆದುಕೊಂಡ ದಾದಿಯರಿಗೆ ತಮಿಳುನಾಡು ಸರಕಾರ ಕೊಟ್ಟುದು ತಿಂಗಳಿಗೆ 7,700 ರೂಪಾಯಿ. ಅವರು 2017ರ ನವೆಂಬರಿನಲ್ಲಿ ತೇನಾಂಪೇಟೆಯಲ್ಲಿ ಧರಣಿ ಕುಳಿತುದನ್ನು ಈ ನಗರ ಕಂಡಿದೆ. ಆದರೂ ಸಾಲವಿಲ್ಲದೆ ಓದಿದವಳು ಅಂಥ ದಿನಗಳನ್ನು ಹೇಗೋ ಕಳೆದಾಳು. ಸಾಲ ಹೊತ್ತವಳು ಕಳೆಯಲಾರಳು.

ಸರಕಾರಿ ಸೀಟು ಸುಲಭವಾಗಿ ದೊರೆಯುವುದೇ ಎಂದರೆ, ಇಲ್ಲ. ಪದವಿಯ ಸೀಟುಗಳನ್ನು ಕೀಳ್ಪಾಕದ ಆಯ್ಕೆ ಸಮಿತಿ ಅಂಕಗಳ ಕ್ರಮದಲ್ಲಿ ಹಂಚುತ್ತದೆ. ನಮ್ಮವರು ಎಡವುವುದು ಅಂಕಗಳಿಗಿಂತ ಹೆಚ್ಚಾಗಿ ಕಾಗದಪತ್ರಗಳಲ್ಲಿ. ಊರಿನಿಂದ ತಂದ ಜಾತಿ ಪ್ರಮಾಣಪತ್ರ ಇಲ್ಲಿಯ ಮೀಸಲಾತಿಗೆ ನಡೆಯದು. ಪರಿಶಿಷ್ಟರ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಹಾಗೆಯೇ ತೀರ್ಪಿತ್ತಿತು. ವಾಸಸ್ಥಳದ ಪತ್ರಕ್ಕಾಗಿ ಫಲಿತಾಂಶ ಬಂದ ಮೇಲೆ ಓಡಾಡುವವರು ಕೊನೆಯ ದಿನದ ಹಿಂದೆಯೇ ಉಳಿಯುತ್ತಾರೆ. ಇನ್ನೊಂದು ಸಂಗತಿ ಹಲವರಿಗೆ ತಿಳಿಯದು: ಖಾಸಗಿ ಕಾಲೇಜುಗಳು ಸರಕಾರಕ್ಕೆ ಬಿಟ್ಟುಕೊಟ್ಟ ಸೀಟುಗಳನ್ನೂ ಇದೇ ಸಮಿತಿ ತುಂಬುತ್ತದೆ. ದಲ್ಲಾಳಿಯ ಮೂಲಕ ಹೋದವನು ಹೆಚ್ಚು ತೆತ್ತು ಸೇರುವ ಕಾಲೇಜಿಗೇ ಈ ದಾರಿಯಲ್ಲಿ ಕಡಮೆ ಶುಲ್ಕದಲ್ಲಿ ಸೇರಬಹುದು.

ಉಡುಪಿಯ ಗೃಹಸ್ಥರು ಕರಪತ್ರವನ್ನು ನಮ್ಮ ಮೇಜಿನ ಮೇಲೆಯೇ ಬಿಟ್ಟು ಹೋದರು. ಮರುವಾರ ತಂದೆ ಮಗಳಿಬ್ಬರೂ ಆ ಖಾಸಗಿ ಶಾಲೆಗೆ ಹೋಗಿ, ಆಸ್ಪತ್ರೆ ಎಲ್ಲಿದೆ, ಅದರಲ್ಲಿ ಇಂದು ಎಷ್ಟು ಮಂದಿ ರೋಗಿಗಳಿದ್ದಾರೆ ಎಂದು ಕೇಳಿದರಂತೆ. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇವೆ ಎಂಬ ಉತ್ತರ ಬಂದಿತು. ಅಲ್ಲಿಂದ ನೇರವಾಗಿ ತಾಲೂಕು ಕಚೇರಿಗೆ ಹೋಗಿ ವಾಸಸ್ಥಳದ ಪತ್ರಕ್ಕೆ ಅರ್ಜಿ ಹಾಕಿ ಬಂದಿದ್ದಾರೆ.