ಬೀಟಲ್ಸ್ ಹಾಡು, ಕನ್ನಡಿಗನ ಫೋನು, ಹೆಸರಿಲ್ಲದ ವಾದಕರು

ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಹೊರಬಂದದ್ದು 1967ರಲ್ಲಿ. ಅದರ ಹೊದಿಕೆಯ ಮೇಲೆ ಪರಮಹಂಸ ಯೋಗಾನಂದರೂ ಸೇರಿದಂತೆ ನಾಲ್ವರು ಭಾರತೀಯ ಯೋಗಿಗಳ ಮುಖಗಳಿವೆ. ಒಳಗಿನ ‘ವಿಥಿನ್ ಯು ವಿಥೌಟ್ ಯು’ ಹಾಡಿನ ತುಂಬ ದಿಲ್‌ರುಬಾ, ತಬಲಾ, ತಂಬೂರಿ. ಜಾರ್ಜ್ ಹ್ಯಾರಿಸನ್ ಬಿಟ್ಟರೆ ಬೀಟಲ್ಸ್‌ನ ಬೇರೆ ಯಾರೂ ಅದರಲ್ಲಿ ನುಡಿಸಿಲ್ಲ. ನುಡಿಸಿದ ಭಾರತೀಯರ ಹೆಸರು ಮಾತ್ರ ಹೊದಿಕೆಯ ಮೇಲೆ ಎಲ್ಲೂ ಇಲ್ಲ.

ಅವರನ್ನು ಬೀಟಲ್ಸ್‌ನ ಸ್ಟುಡಿಯೋಗೆ ತಲುಪಿಸಿದ್ದು ಕನ್ನಡ ನಾಡಿನವರೊಬ್ಬರ ಸಂಸ್ಥೆ.

ಜಕನೂರಿನಲ್ಲಿ 1903ರಲ್ಲಿ ಹುಟ್ಟಿದ ಅಯನ ದೇವ ಅಂಗಡಿ 1924ರಲ್ಲಿ ಓದಲೆಂದು ಲಂಡನ್ನಿಗೆ ಹೋದರು, ಅಲ್ಲೇ ಉಳಿದರು. ಎಡಪಂಥೀಯ ರಾಜಕೀಯದ ಬಗ್ಗೆ ಬರೆದರು, ಭಾಷಣ ಮಾಡಿದರು. ಪತ್ನಿ, ಚಿತ್ರಕಲಾವಿದೆ ಪೆಟ್ರೀಷಿಯಾ ಅವರೊಂದಿಗೆ 1946ರಲ್ಲಿ ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಕಟ್ಟಿದರು. ಮುಂದೆ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾದರು. ಲಂಡನ್ನಿನಲ್ಲಿ ಯಾರಿಗಾದರೂ ಭಾರತೀಯ ವಾದಕರು ಬೇಕಾದರೆ ಉತ್ತರ ಲಂಡನ್ನಿನ ಫಿಂಚ್ಲಿಯಲ್ಲಿದ್ದ ಅಂಗಡಿಯವರ ಮನೆಗೆ ಫೋನು ಬರುತ್ತಿತ್ತು.

1965ರಲ್ಲಿ ‘ನಾರ್ವೇಜಿಯನ್ ವುಡ್’ ಹಾಡಿನ ಧ್ವನಿಮುದ್ರಣದ ಹೊತ್ತಿಗೆ ಹ್ಯಾರಿಸನ್ನರ ಸಿತಾರಿನ ತಂತಿ ಹರಿಯಿತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅಂಗಡಿಯವರ ಸಂಸ್ಥೆಯನ್ನು ಕೇಳಿ ನೋಡಲು ಹೇಳಿದರು. ತಂತಿ ಹಿಡಿದು ಕುಟುಂಬವೇ ಸ್ಟುಡಿಯೋಗೆ ಹೋಯಿತು. ಮರುವರ್ಷ ಹ್ಯಾರಿಸನ್ ಮೊದಲ ಬಾರಿ ರವಿಶಂಕರರನ್ನು ಕಂಡದ್ದೂ ಅಂಗಡಿಯವರ ಮನೆಯಲ್ಲೇ.

1966ರ ಏಪ್ರಿಲ್‌ನಲ್ಲಿ ‘ಲವ್ ಯು ಟು’ ಹಾಡಿಗೆ ತಬಲಾ ನುಡಿಸಲು ಅಂಗಡಿ ಕಳಿಸಿದ್ದು ಅನಿಲ್ ಭಾಗವತ್ ಅವರನ್ನು. ‘ರಿವಾಲ್ವರ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಅವರ ಹೆಸರು ಅಚ್ಚಾಯಿತು. ಹೆಸರಿದ್ದದ್ದರಿಂದ ಇತಿಹಾಸಕಾರರು ಅವರನ್ನು ಹುಡುಕಿ ಹೋದರು. ಕರೆ ಬಂದದ್ದು ಹೇಗೆ, ಹ್ಯಾರಿಸನ್ ಯಾವ ಬಗೆಯ ತಬಲಾ ಕೇಳಿದರು ಎಂಬುದೆಲ್ಲ ದಾಖಲಾಯಿತು. ಅದೇ ಹಾಡಿಗೆ ಬಂದಿದ್ದ ಸಿತಾರ್ ವಾದಕನ ಹೆಸರನ್ನು ಯಾರೂ ಬರೆಯಲಿಲ್ಲ. ಹಾಡಿನ ಮುಖ್ಯ ಸಿತಾರ್ ಭಾಗ ಹ್ಯಾರಿಸನ್ನರದೋ ಆ ವಾದಕನದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ‘ವಿಥಿನ್ ಯು’ ಹಾಡಿನ ನಟವರ್ ಸೋನಿ, ಅಣ್ಣಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕಂಸಾರಾ ಅವರ ಹೆಸರು ಹೊರಜಗತ್ತಿಗೆ ತಿಳಿಯಲು ಸುಮಾರು ಐವತ್ತು ವರ್ಷ ಬೇಕಾಯಿತು.

ಇದು ಭಾರತೀಯರಿಗೆ ಮಾತ್ರ ಆದ ಅನ್ಯಾಯವಲ್ಲ. ‘ದಿ ಬರ್ಡ್ಸ್’ ತಂಡದ 1965ರ ‘ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್’ ಹಾಡಿನಲ್ಲಿ ವಾದ್ಯ ಹಿಡಿದ ತಂಡದ ಸದಸ್ಯ ರೋಜರ್ ಮೆಗ್ವಿನ್ ಒಬ್ಬರೇ. ಡ್ರಮ್ಸ್ ಹ್ಯಾಲ್ ಬ್ಲೇನ್ ಅವರದು, ಬೇಸ್ ಗಿಟಾರ್ ಲ್ಯಾರಿ ನೆಕ್ಟೆಲ್ ಅವರದು. ‘ಕಿಸ್’ ತಂಡದ 1979ರ ‘ಡೈನಾಸ್ಟಿ’ ಆಲ್ಬಮ್ಮಿನ ಮೇಲೆ ಡ್ರಮ್ಮರ್ ಪೀಟರ್ ಕ್ರಿಸ್ ಮುಖವಿದೆ. ಒಂದು ಹಾಡು ಬಿಟ್ಟು ಉಳಿದೆಲ್ಲಕ್ಕೂ ನುಡಿಸಿದ್ದು ಆಂಟನ್ ಫಿಗ್. ಹೊರಗಿನವರನ್ನು ಕರೆಸಲು ಕಾರಣವಿತ್ತು: ಸ್ಟುಡಿಯೋದ ಪ್ರತಿ ಗಂಟೆಗೂ ಬಾಡಿಗೆ. ನುರಿತವರು ಎರಡು ಮೂರು ಟೇಕ್‌ಗಳಲ್ಲಿ ಕೆಲಸ ಮುಗಿಸುತ್ತಾರೆ. ಅಭಿಮಾನಿಗಳು ಪ್ರೀತಿಸುವುದು ತಂಡದ ನಾಲ್ಕು ಮುಖಗಳನ್ನಾದ್ದರಿಂದ ಐದನೆಯವರ ಹೆಸರು ಹೇಳಲು ಕಂಪನಿಗಳು ಹಿಂಜರಿದವು. ಹೊರಗಿನ ವಾದಕನಿಗೆ ಸಿಗುತ್ತಿದ್ದುದು ಆ ಹೊತ್ತಿನ ಸಂಭಾವನೆ ಮಾತ್ರ. ಆಲ್ಬಮ್ ಎಷ್ಟು ಲಕ್ಷ ಮಾರಾಟವಾದರೂ ಅದರಲ್ಲಿ ಪಾಲಿರಲಿಲ್ಲ.

ನಮ್ಮ ಸಿನಿಮಾ ಸಂಗೀತವೂ ಹೀಗೆಯೇ ಬೆಳೆಯಿತು. ತಿರುವನಂತಪುರದಲ್ಲಿ ಯೇಸುದಾಸ್ 1980ರಲ್ಲಿ ತರಂಗಿಣಿ ಸ್ಟುಡಿಯೋ ತೆರೆಯುವ ಮೊದಲು ಮಲಯಾಳಂ ಹಾಡುಗಳು ಹೆಚ್ಚಾಗಿ ಮದರಾಸಿನಲ್ಲೇ ಮುದ್ರಣವಾಗುತ್ತಿದ್ದವು, ಕನ್ನಡದವೂ ಅಲ್ಲೇ. ಎ.ಆರ್. ರೆಹಮಾನರ ತಂದೆ ಆರ್.ಕೆ. ಶೇಖರ್ ಎಷ್ಟೋ ಮಲಯಾಳಂ ಹಾಡುಗಳ ವಾದ್ಯಮೇಳ ಹೊಂದಿಸಿದವರು. 1976ರಲ್ಲಿ ತೀರಿಕೊಂಡ ಅವರನ್ನು ಇಂದು ಹೆಚ್ಚಿನವರು ಗುರುತಿಸುವುದು ಮಗನ ಹೆಸರಿನಿಂದ. ಇಳಯರಾಜಾ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಹಲವಾರು ಕನ್ನಡ ಚಿತ್ರಗಳಿಗೆ ದುಡಿದರು. ಮುಂದೆ ಖ್ಯಾತರಾದ್ದರಿಂದ ಆ ಕತೆ ಉಳಿದಿದೆ. ಕಾಲ್‌ಶೀಟ್ ಮುಗಿಸಿ ಪಿಟೀಲು, ಕೊಳಲು ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಹೋದ ನೂರಾರು ಜನರ ಕತೆ ಉಳಿದಿಲ್ಲ. ರಾಜ್‌ಕುಮಾರ್ ಹಾಡುಗಳ ನಡುವಿನ ಯಾವ ವಾದ್ಯದ ತುಣುಕನ್ನು ಯಾರು ನುಡಿಸಿದರೆಂದು ಹುಡುಕಲು ಹೊರಟವರಿಗೆ ಕ್ಯಾಸೆಟ್ಟಿನ ಹೊದಿಕೆ ನೆರವಾಗುವುದಿಲ್ಲ.

ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ತನ್ನ ಪ್ರದರ್ಶನದ ಜೊತೆ ತನ್ನ ಹೆಸರಿರಲಿ ಎಂದು ಕೇಳುವ ಹಕ್ಕನ್ನು ಕಲಾವಿದನಿಗೆ ಕೊಟ್ಟಿದೆ. ಬಳಕೆಯ ಸ್ವರೂಪದಿಂದಾಗಿ ಹೆಸರು ಹಾಕಲಾಗದಿದ್ದರೆ ಮಾತ್ರ ವಿನಾಯಿತಿ. ಹೊದಿಕೆಯಲ್ಲಿ ಜಾಗವಿಲ್ಲ ಎಂಬ ಹಳೆಯ ನೆಪ ಮೊಬೈಲ್ ಕಾಲದಲ್ಲಿ ನಡೆಯದು. ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಕಲಾವಿದರ ವಿವರಕ್ಕೆ ಸ್ಥಳವಿದೆ. ಅದನ್ನು ತುಂಬಬೇಕಾದವರು ನಿರ್ಮಾಪಕರು ಮತ್ತು ಆಡಿಯೋ ಕಂಪನಿಗಳು. ತುಂಬಲು ಬೇಕಾದ ಪಟ್ಟಿ ಮುದ್ರಣದ ದಿನವೇ, ಎಲ್ಲರೂ ಸ್ಟುಡಿಯೋದಲ್ಲಿರುವಾಗಲೇ ತಯಾರಾಗಬೇಕು: ಯಾರು, ಯಾವ ವಾದ್ಯ, ಯಾವ ಹಾಡು.